ಹಮ್ಮಸ್, ಫಲಾಫೆಲ್ ತಿನ್ನಾಕ ಹೊಂಟವರಿಗೆ

ಬೆಳಗಾವಿಯೊಳಗ ಟಿಳಕವಾಡಿ, ಕ್ಯಾಂಪ್ ಕಡೆ ಹಮ್ಮಸ್ (ಬೆಂದ ಕಾಬೂಲಿ ಕಡಲಿ ನುಣ್ಣಗ ರುಬ್ಬಿದ ಚಟ್ನಿಯಂಥಾದ್ದು), ಫಲಾಫೆಲ್ (ಕಡಲಿ ರುಬ್ಬಿ ಕರದ ವಡಿ) ಇಂಥಾ ಅರಬ್ ಊಟಕ್ಕ ಹೋಗೋ ಸಸ್ಯಾಹಾರಿಗಳು ಮೊದಲ ಒಂದು ಕೇಳ್ರಿ: ಫಲಾಫೆಲ್ ಕರಿಯೋ ಎಣ್ಣಿ, ಚಿಕನ್ ಕರಿಯೋ ಎಣ್ಣಿ ಬ್ಯಾರೆ ಬ್ಯಾರೆ ಅದಾವೇನು? ಮೆನುದಾಗ ಹಸಿರು ಚುಕ್ಕಿ ಇದ್ದರೂ ಕೇಳೋದ ಚಲೋ.

ಜೈನರು ನೆನಪಿಡ್ರಿ, ಹಮ್ಮಸ್‌ನ್ಯಾಗ ಬಳ್ಳೊಳ್ಳಿ, ಫಲಾಫೆಲ್‌ನ್ಯಾಗ ಉಳ್ಳಾಗಡ್ಡಿ ರುಬ್ಬಿ ಸೇರಿಸಿರತಾರ, ಆಮ್ಯಾಲೆ ತಗಿಯಾಕ ಬರಂಗಿಲ್ಲ. ಹಮ್ಮಸ್ ಒಳಗ ಹಾಕೋ ತಾಹಿನಿ ಅಂದ್ರ ರುಬ್ಬಿದ ಎಳ್ಳು; ಎಳ್ಳು ಆಗದವರು ಹಮ್ಮಸ್ ಮುಟ್ಟಬ್ಯಾಡ್ರಿ.

ಫಲಾಫೆಲ್ ಮುರದು ನೋಡ್ರಿ. ಕಾಬೂಲಿ ಕಡಲಿ ರಾತ್ರಿಯೆಲ್ಲಾ ನೆನಸಿ, ಕುದಸದ ರುಬ್ಬಿದ್ದಾದ್ರ ಒಳಗ ಉದುರುದುರು ಇರತೈತಿ. ಕುದಿಸಿದ ಕಡಲಿ ಆದ್ರ ಮೆತ್ತಗ ಅಂಟತೈತಿ, ಅದನ್ನ ಹಿಡದು ನಿಲ್ಲಸಾಕ ಹಿಟ್ಟು ಹೆಚ್ಚ ಹಾಕಿರತಾರ.

ಇದರ ಜೋಡಿ ಕೊಡೋ ಪೀಟಾ (ರೊಟ್ಟಿಯಂಥಾ ಬ್ರೆಡ್) ಆರಿದ್ರ ರಬ್ಬರ್. ಒಮ್ಮೆಲೆ ನಾಲ್ಕು ಹೇಳಬ್ಯಾಡ್ರಿ, ಎರಡೆರಡ ತರಸ್ರಿ. ಪಾರ್ಸಲ್ ಆದ್ರ ಸಾಸ್ ಬ್ಯಾರೆ ಕಟ್ಟಸ್ರಿ, ಫಲಾಫೆಲ್ ಡಬ್ಬಿ ಮುಚ್ಚಳ ಸ್ವಲ್ಪ ತೆರದಿಡ್ರಿ, ಇಲ್ಲಂದ್ರ ಹಬಿಗೆ ಮೆತ್ತಗಾಗತಾವು.