ಐರನ್ ಮೇಡನ್‌ಗೆ 50: ದೂರದೂರಿನ ರಾಕ್ ಶೋಗೆ ಹೋಗಿ ಬರುವುದು ಹೇಗೆ?

2007ರ ಮಾರ್ಚ್ 17. ಅರಮನೆ ಮೈದಾನದ ಗೇಟಿನ ಹೊರಗೆ, ಫುಟ್‌ಪಾತ್ ಮೇಲೆ 150 ರೂಪಾಯಿ ಕೊಟ್ಟು ಒಂದು ಕಪ್ಪು ಟೀಶರ್ಟ್ ಕೊಂಡಿದ್ದೆ. ಎದೆ ಮೇಲೆ ಬ್ಯಾಂಡಿನ ಗುರುತಾದ ಬುರುಡೆ ಮುಖದ ಎಡ್ಡಿ, ಬೆನ್ನ ಮೇಲೆ ಬೆಂಗಳೂರಿನ ಹೆಸರು, ಇಸವಿ. ಮನೆಗೆ ಬಂದು ಬೆಳಕಲ್ಲಿ ನೋಡಿದರೆ ಬ್ಯಾಂಡಿನ ಹೆಸರಲ್ಲೇ ಒಂದಕ್ಷರ ತಪ್ಪು. ಬ್ರಿಟನ್ನಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ಭಾರತದಲ್ಲಿ ಮೊದಲ ಸಲ ನುಡಿಸಿದ ದಿನ ಅದು. 2009ರ ಫೆಬ್ರವರಿಯಲ್ಲಿ ಅವರು ಬೆಂಗಳೂರಿಗೆ ಮತ್ತೆ ಬಂದರು. ಆಗ ನನ್ನ ಕೈಯಲ್ಲಿ ಕೆಲಸ ಇರಲಿಲ್ಲ, ಜೇಬಲ್ಲಿ ದುಡ್ಡೂ ಇರಲಿಲ್ಲ.

ಈಗ ಆ ಬ್ಯಾಂಡಿಗೆ 50 ವರ್ಷ. ಸ್ಟೀವ್ ಹ್ಯಾರಿಸ್ ಪೂರ್ವ ಲಂಡನ್ನಿನಲ್ಲಿ ಅದನ್ನು ಕಟ್ಟಿದ್ದು 1975ರ ಕ್ರಿಸ್‌ಮಸ್ ದಿನ. ಆ ನೆಪದಲ್ಲಿ ‘ರನ್ ಫಾರ್ ಯುವರ್ ಲೈವ್ಸ್’ ಅನ್ನುವ ವಿಶ್ವ ಪ್ರವಾಸ ಹೊರಟಿತು. 2025ರ ಮೇ 27ರಂದು ಬುಡಾಪೆಸ್ಟ್‌ನಲ್ಲಿ ಶುರುವಾಗಿ ಆಗಸ್ಟ್ 2ರಂದು ವಾರ್ಸಾದಲ್ಲಿ ಮೊದಲ ಸುತ್ತು ಮುಗಿಯಿತು. ಆ ಸುತ್ತಿನ ಪಟ್ಟಿಯಲ್ಲಿದ್ದದ್ದು ಬರೀ ಯೂರೋಪಿನ ಊರುಗಳು. 2026ಕ್ಕೂ ಪ್ರವಾಸ ಮುಂದುವರಿಸಿದ್ದಾರೆ.

ಅವರು ಇಲ್ಲಿಗೆ ಬರುವವರೆಗೆ ಕಾಯುವುದು ಬಿಟ್ಟು ನಾನೇ ಹೋದೆ. ಬುಡಾಪೆಸ್ಟ್, ಮೇ 28, ಎರಡನೇ ರಾತ್ರಿ. ಹಲ್ಲಿದ್ದಾಗ ಕಡಲೆ ಇರಲಿಲ್ಲ. ಕಡಲೆ ಬರುವ ಹೊತ್ತಿಗೆ ಮಂಡಿ ನೋವು ಬಂದಿತ್ತು. ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನುವುದರಲ್ಲೇ ನಾನು ಜಾಸ್ತಿ ಎಡವಿದ್ದು. ನೀವು ಎಡವಬೇಡಿ ಅಂತ ಇದನ್ನು ಬರೆಯುತ್ತಿದ್ದೇನೆ. ಬ್ಯಾಂಡ್ ಬೇರೆ ಆದರೂ ಲೆಕ್ಕ ಹೆಚ್ಚುಕಮ್ಮಿ ಇದೇ.

ಟಿಕೆಟ್ ಮೊದಲೋ, ವೀಸಾ ಮೊದಲೋ?

ಟಿಕೆಟ್ಟೇ ಮೊದಲು. ಯಾಕೆ ಅಂತ ಹೇಳುತ್ತೇನೆ.

ಪ್ರವಾಸದ ಪಟ್ಟಿ ಹೊರಬಿದ್ದದ್ದು 2024ರ ಸೆಪ್ಟೆಂಬರ್‌ನಲ್ಲಿ. ಅದರ ಬೆನ್ನಿಗೇ ಟಿಕೆಟ್ ಮಾರಾಟ. ಹಂಗೆರಿಯೂ ಸೇರಿ ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಗೆ ಅರ್ಜಿ ತೆಗೆದುಕೊಳ್ಳುವುದು ಪ್ರಯಾಣಕ್ಕೆ ಆರು ತಿಂಗಳು ಇರುವಾಗಿಂದ ಮಾತ್ರ. ಅಂದರೆ ಮೇ ಕೊನೆಯ ಶೋಗೆ ನವೆಂಬರ್ ಕೊನೆಯವರೆಗೆ ಅರ್ಜಿಯನ್ನೇ ಹಾಕುವಂತಿಲ್ಲ. ಅಷ್ಟು ಹೊತ್ತಿಗೆ ಒಳ್ಳೆಯ ಟಿಕೆಟ್ ಯಾರ್‍ಯಾರದೋ ಪಾಲಾಗಿರುತ್ತದೆ. ಹಾಗಾಗಿ ವೀಸಾ ಸಿಗುತ್ತೋ ಇಲ್ಲವೋ ಗೊತ್ತಿಲ್ಲದೆಯೇ ಟಿಕೆಟ್ ತೆಗೆಯಬೇಕು. ಆ ದುಡ್ಡು ಹೋದರೆ ಹೋಯಿತು ಅಂದುಕೊಂಡೇ ತೆಗೆಯಿರಿ. ನಿಜವಾಗಿ ಕೈ ಸುಡುವುದು ವಿಮಾನದ ಖರ್ಚು. ಅದನ್ನು ಪಾಸ್‌ಪೋರ್ಟಿನಲ್ಲಿ ವೀಸಾ ಅಂಟುವವರೆಗೆ ಮುಟ್ಟಬೇಡಿ. ಅರ್ಜಿಗೆ ವಿಮಾನದ ರಿಸರ್ವೇಶನ್ ತೋರಿಸಿದರೆ ಸಾಕು, ಪೂರ್ತಿ ದುಡ್ಡು ಕಟ್ಟಿರಬೇಕಿಲ್ಲ. ಹೋಟೆಲ್ಲೂ ಅಷ್ಟೇ, ರದ್ದು ಮಾಡಿದರೆ ದುಡ್ಡು ವಾಪಸ್ ಬರುವಂಥದ್ದನ್ನೇ ಹಿಡಿಯಿರಿ.

ಬ್ಯಾಂಡಿನ ಫ್ಯಾನ್ ಕ್ಲಬ್ ಇದೆ. ವರ್ಷಕ್ಕೆ ಇಷ್ಟು ಅಂತ ಚಂದಾ ಕಟ್ಟಿದರೆ ಸದಸ್ಯರಿಗೆ ಟಿಕೆಟ್ ಮುಂಚೆಯೇ ಸಿಗುತ್ತದೆ. ಜೊತೆಗೆ ಸದಸ್ಯರಿಗೆಂದೇ ಒಂದು ಲಾಟರಿ. ಅದರಲ್ಲಿ ಹೆಸರು ಬಂದರೆ ಎಲ್ಲರಿಗಿಂತ ಮೊದಲು ಒಳಗೆ ಬಿಡುತ್ತಾರೆ, ವೇದಿಕೆ ಮುಂದಿನ ಕಂಬಿಗೇ ಒರಗಿ ನಿಲ್ಲಬಹುದು. ನನ್ನ ಹೆಸರು ಬರಲಿಲ್ಲ. ಆದರೂ ಚಂದಾ ದಂಡ ಅನಿಸಲಿಲ್ಲ.

ಮಾರಾಟದ ಹೊತ್ತನ್ನು ನಮ್ಮ ಗಡಿಯಾರಕ್ಕೆ ತಿರುಗಿಸಿಕೊಂಡು ನೋಡಿ. ಬೇಸಿಗೆಯಲ್ಲಿ ಬುಡಾಪೆಸ್ಟ್ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಇನ್ನೊಂದು ಮಾತು: ಟಿಕೆಟ್ ಖಾಲಿ ಅಂತ ಗಾಬರಿಯಾಗಿ ಕಂಡಕಂಡಲ್ಲಿ ಕೊಳ್ಳಬೇಡಿ. ನನ್ನ ಗೆಳೆಯನೊಬ್ಬ ಬೇರೊಂದು ಶೋಗೆ ಮೂರು ಪಟ್ಟು ಕೊಟ್ಟು ಮರುಮಾರಾಟದ ಟಿಕೆಟ್ ಕೊಂಡ. ಗೇಟಿನಲ್ಲಿ ಸ್ಕ್ಯಾನ್ ಮಾಡಿದಾಗ ಕೆಂಪು ದೀಪ ಹತ್ತಿತು. ಅದೇ ಟಿಕೆಟ್‌ನಲ್ಲಿ ಇನ್ಯಾರೋ ಆಗಲೇ ಒಳಗೆ ಹೋಗಿದ್ದರು.

ಇನಿಷಿಯಲ್ ತಾಪತ್ರಯ

ಇದು ನಮ್ಮ ಕಡೆಯವರಿಗೇ ಬರುವ ತಲೆನೋವು. ನನ್ನ ಹೆಸರಿನ ಹಿಂದೆ ಎರಡು ಇನಿಷಿಯಲ್ ಇವೆ. ಪಾಸ್‌ಪೋರ್ಟಿನಲ್ಲಿ ಅವೆರಡೂ ಬಿಡಿಸಿಕೊಂಡು ಊರಿನ ಹೆಸರು, ಅಪ್ಪನ ಹೆಸರು ಆಗಿವೆ. ಟಿಕೆಟ್ ಫಾರಂ ಮೊದಲ ಹೆಸರು ಯಾವುದು, ಕೊನೆಯ ಹೆಸರು ಯಾವುದು ಅಂತ ಕೇಳುತ್ತದೆ. ಪಾಸ್‌ಪೋರ್ಟನ್ನು ಪಕ್ಕದಲ್ಲಿಟ್ಟುಕೊಂಡು ಅದರಲ್ಲಿರುವುದನ್ನೇ ಇಳಿಸಿ. ದೊಡ್ಡ ಬ್ಯಾಂಡ್‌ಗಳು ಬ್ಲ್ಯಾಕ್ ಟಿಕೆಟ್ ತಡೆಯಲು ಟಿಕೆಟ್ಟಿಗೆ ಹೆಸರು ಕಟ್ಟುವುದುಂಟು. ಇದೇ ಮೇಡನ್ 2017ರ ಬ್ರಿಟನ್ ಪ್ರವಾಸದಲ್ಲಿ ಕಾಗದದ ಟಿಕೆಟ್ಟನ್ನೇ ಕೈಬಿಟ್ಟಿತ್ತು. ವಿಮಾನ, ಹೋಟೆಲ್, ವಿಮೆ, ಎಲ್ಲದರಲ್ಲೂ ಅದೇ ಹೆಸರು, ಅದೇ ಕ್ರಮ ಇರಲಿ.

ವೀಸಾ ಕಡತ

ಹೆದರಿಸುವಷ್ಟೇನಿಲ್ಲ, ಆದರೆ ಅಚ್ಚುಕಟ್ಟಾಗಿರಬೇಕು. ಜಾಸ್ತಿ ದಿನ ಉಳಿಯುವ ದೇಶಕ್ಕೇ ಅರ್ಜಿ ಹಾಕಬೇಕು. ದೊಡ್ಡವರಿಗೆ ಶುಲ್ಕ 90 ಯೂರೋ, ಅದರ ಮೇಲೆ ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಬ್ಯಾಂಕ್ ಸ್ಟೇಟ್‌ಮೆಂಟ್, ತೆರಿಗೆ ರಿಟರ್ನ್, ಆಫೀಸಿನ ರಜೆ ಪತ್ರ ಜೋಡಿಸಿ. ಸಾಮಾನ್ಯವಾಗಿ 15 ದಿನದಲ್ಲಿ ತೀರ್ಮಾನ ಆಗುತ್ತದೆ. ಕೆಲವು ಸಲ 45 ದಿನಕ್ಕೂ ಎಳೆಯುತ್ತದೆ. ಅದಕ್ಕಿಂತ ಕಷ್ಟ ಅಪಾಯಿಂಟ್‌ಮೆಂಟ್ ಸಿಗುವುದು. ಏಪ್ರಿಲ್, ಮೇ ಅಂದರೆ ಬೇಸಿಗೆ ರಜೆಗೆ ಹೊರಟವರ ಜಾತ್ರೆ. ಫೆಬ್ರವರಿಯಲ್ಲೇ ಮುಗಿಸಿಬಿಡಿ.

ಯಾಕೆ ಹೋಗುತ್ತಿದ್ದೀರಿ ಅಂತ ಬರೆಯುವ ಪತ್ರದಲ್ಲಿ ‘ಪ್ರವಾಸ’ ಅಂತ ಸುಮ್ನೆ ಗೀಚಬೇಡಿ. ಇಂಥ ದಿನ, ಇಂಥ ಊರಲ್ಲಿ, ಇಂಥ ಬ್ಯಾಂಡಿನ ಶೋ ಇದೆ ಅಂತ ನೇರವಾಗಿ ಬರೆಯಿರಿ. ಟಿಕೆಟ್ಟಿನ ಪ್ರಿಂಟ್ ಲಗತ್ತಿಸಿ. ನಾನು ಹಾಗೇ ಮಾಡಿದೆ. ಕೌಂಟರಿನಲ್ಲಿದ್ದ ಹುಡುಗಿ ಟಿಕೆಟ್ ನೋಡಿ, ‘ಇದಕ್ಕೋಸ್ಕರ ಅಷ್ಟು ದೂರಾನಾ ಸಾರ್?’ ಅಂದಳು. ಅವಳ ಕೆಲಸ ಅಷ್ಟು ಕೇಳುವುದಲ್ಲ, ಆದರೂ ಕೇಳಿದಳು.

ಡಿಸೆಂಬರಿನ ಸುದ್ದಿ

ಇಲ್ಲೊಂದು ಅಡ್ಡಮಾತು. ಟಿಕೆಟ್ ಕೊಂಡು ಮೂರು ತಿಂಗಳೂ ಆಗಿರಲಿಲ್ಲ. 2024ರ ಡಿಸೆಂಬರ್ 7ರಂದು ಸಾವೊ ಪೌಲೊದಲ್ಲಿ ಶೋ ಇತ್ತು. ಪ್ರವಾಸದ ಮಟ್ಟಿಗೆ ಅದೇ ತನ್ನ ಕೊನೆಯದು ಅಂತ ಡ್ರಮ್ಮರ್ ನಿಕೊ ಮೆಕ್‌ಬ್ರೇನ್ ಹೇಳಿಬಿಟ್ಟರು. 72 ವರ್ಷ. 2023ರ ಜನವರಿಯಲ್ಲಿ ಪಾರ್ಶ್ವವಾಯು ಹೊಡೆದಿತ್ತು, ಅದಾದ ಮೇಲೂ ಎರಡು ವರ್ಷ ನುಡಿಸಿದ್ದರು. 50ರ ಪ್ರವಾಸಕ್ಕೆ ಅವರ ಜಾಗದಲ್ಲಿ ಸೈಮನ್ ಡಾಸನ್ ಬಂದರು. ಅದಕ್ಕೂ ಮುಂಚೆ ಅಕ್ಟೋಬರಿನಲ್ಲಿ, ಬ್ಯಾಂಡಿನ ಮೊದಲೆರಡು ಆಲ್ಬಮ್‌ಗಳಲ್ಲಿ ಹಾಡಿದ್ದ ಪಾಲ್ ಡಿ’ಆನೊ ತೀರಿಕೊಂಡಿದ್ದರು. ಈಗ ಹಾಡುವ ಬ್ರೂಸ್ ಡಿಕಿನ್ಸನ್ 2015ರಲ್ಲಿ ನಾಲಿಗೆ ಬುಡದ ಕ್ಯಾನ್ಸರ್ ಗೆದ್ದು, ಮರುವರ್ಷ ಬ್ಯಾಂಡಿನ ಬೋಯಿಂಗ್ 747 ವಿಮಾನವನ್ನು ತಾವೇ ಹಾರಿಸಿಕೊಂಡು ಊರೂರು ಸುತ್ತಿದವರು. ಹಳೇ ಬ್ಯಾಂಡ್ ನೋಡಲು ‘ಮುಂದಿನ ಸಲ ಹೋದರಾಯ್ತು’ ಅನ್ನುವವರಿಗೆ ನಾನು ಇಷ್ಟನ್ನು ಹೇಳುತ್ತೇನೆ.

ನಿಲ್ಲುವುದಾ, ಕೂರುವುದಾ?

ಮುಂದೆ ನಿಲ್ಲಬೇಕು ಅಂತ ಎಲ್ಲರಿಗೂ ಆಸೆ. ಆದರೆ ಮುಂದಿನ ನಾಲ್ಕೈದು ಸಾಲಿನಲ್ಲಿ ತಳ್ಳಾಟ ಜೋರು, ಒಮ್ಮೆ ಹೊರಬಂದರೆ ಜಾಗ ಹೋಯಿತು. ನನ್ನ ಅನುಭವದಲ್ಲಿ ಒಳ್ಳೆಯ ಸದ್ದು ಕೇಳುವುದು ಮಿಕ್ಸಿಂಗ್ ಕಟ್ಟೆಯ ಮುಂದೆ. ಸೌಂಡ್ ಎಂಜಿನಿಯರ್ ಕೂತು ಎಲ್ಲವನ್ನೂ ಹದ ಮಾಡುವುದೇ ಅಲ್ಲಿಂದ. ಹಿಂದೆ ಒರಗಿಕೊಳ್ಳಲು ಕಂಬಿಯೂ ಸಿಗುತ್ತದೆ. 40 ದಾಟಿದವರಿಗೆ ಅದೇ ಸ್ವರ್ಗ. ಮಂಡಿ ತೀರಾ ಕೈಕೊಟ್ಟಿದ್ದರೆ ಪಕ್ಕದ ಸೀಟು ತಗೊಳ್ಳಿ, ನಾಚಿಕೆ ಏನಿಲ್ಲ.

ನಿಲ್ಲುವ ಟಿಕೆಟ್ ಆದರೆ ಒಂದು ತಿಂಗಳು ಮುಂಚಿಂದ ಕಾಲಿಗೆ ಅಭ್ಯಾಸ ಕೊಡಿ. ಕ್ಯೂ ಸೇರಿ ಐದಾರು ಗಂಟೆ ನಿಲ್ಲುವುದು ಅಂದರೆ ತಮಾಷೆ ಅಲ್ಲ. ನಾನು ದಿನಾ ಲಾಲ್‌ಬಾಗಿನಲ್ಲಿ ಎರಡು ಸುತ್ತು ಹಾಕಿದೆ. ಶೋಗೆ ಹಾಕುವ ಬೂಟನ್ನೇ ಹಾಕಿಕೊಂಡು ನಡೆದೆ.

ಹೋಮ್‌ವರ್ಕ್

ಈ ಪ್ರವಾಸದಲ್ಲಿ ಹೊಸ ಹಾಡು ಇಲ್ಲ. 1980ರ ಮೊದಲ ಆಲ್ಬಮ್‌ನಿಂದ 1992ರ ಒಂಬತ್ತನೆಯದರವರೆಗೆ, ಅಷ್ಟರೊಳಗಿನದೇ ಎಲ್ಲ. ಒಂಬತ್ತು ಆಲ್ಬಮ್ ಅಂದರೆ ದಿನಕ್ಕೊಂದರಂತೆ ಒಂಬತ್ತು ದಿನ; ಆಫೀಸಿಗೆ ಹೋಗುವಾಗ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಮುಗಿದೇ ಹೋಗುತ್ತದೆ. ಹಳೇ ನಾವಿಕನ ಮೇಲೆ ಕೋಲ್‌ರಿಡ್ಜ್ ಬರೆದ ಪದ್ಯವನ್ನು ಹಿಡಿದು ಕಟ್ಟಿದ, 13 ನಿಮಿಷ ದಾಟುವ ಒಂದು ಹಾಡಿದೆ. ಅದನ್ನು ಎರಡು ಸಲ ಕೇಳಿ. ಮಧ್ಯದಲ್ಲಿ ಸದ್ದೆಲ್ಲ ಇಳಿದು ಹಡಗಿನ ಮರ ಕಿರುಗುಟ್ಟುವುದು ಮಾತ್ರ ಕೇಳುತ್ತದೆ. ಗೊತ್ತಿಲ್ಲದವರು ಹಾಡು ಮುಗಿಯಿತು ಅಂತ ಚಪ್ಪಾಳೆ ಹೊಡೆದುಬಿಡುತ್ತಾರೆ.

ಸಾಹಿತ್ಯ ಬಾಯಿಪಾಠ ಮಾಡದಿದ್ದರೂ ನಡೆಯುತ್ತದೆ. ಗಿಟಾರಿನ ರಾಗವನ್ನೇ ಜನ ‘ಓ ಓ’ ಅಂತ ಹಾಡುತ್ತಾರೆ.

ಯಾವ ಹಾಡಿನ ನಂತರ ಯಾವುದು ಅನ್ನುವ ಪಟ್ಟಿಯನ್ನು ಮಾತ್ರ ಮುಂಚೆ ನೋಡಬೇಡಿ. ಮೊದಲ ರಾತ್ರಿ ಕಳೆದು ಬೆಳಗಾಗುವುದರೊಳಗೆ ಅದು ಎಲ್ಲರ ಮೊಬೈಲಿಗೆ ಬಂದಿತ್ತು. ನಾನು ಇಡೀ ದಿನ ಫೋನಿನಿಂದ ದೂರ ಇದ್ದೆ.

ಅಲ್ಲಿಗೆ ಹೋದ ಮೇಲೆ

ಬೆಂಗಳೂರಿನಿಂದ ಬುಡಾಪೆಸ್ಟ್‌ಗೆ ಹೋಗುವವರು ದಾರಿಯಲ್ಲಿ ಒಂದು ಕಡೆ ವಿಮಾನ ಬದಲಿಸಬೇಕು. ಶೋಗೆ ಎರಡು ದಿನ ಮುಂಚೆಯೇ ಇಳಿಯಿರಿ. ರಾತ್ರಿ 9ಕ್ಕೆ ಬ್ಯಾಂಡ್ ವೇದಿಕೆ ಹತ್ತುವಾಗ ನಮ್ಮ ದೇಹಕ್ಕೆ ಅದು ನಡುರಾತ್ರಿ ಹನ್ನೆರಡೂವರೆ. ಒಂದು ದಿನವಾದರೂ ಅಲ್ಲಿನ ಹೊತ್ತಿಗೆ ಊಟ, ನಿದ್ದೆ ಆಗಿರಬೇಕು. ಹಂಗೆರಿಯಲ್ಲಿ ನಡೆಯುವುದು ಯೂರೋ ಅಲ್ಲ, ಫೋರಿಂಟ್. ಸಸ್ಯಾಹಾರಿಗಳು ‘ಲಾಂಗೋಶ್’ ಅಂತ ಕೇಳಿ. ಹಿಟ್ಟನ್ನು ತಟ್ಟಿ ಎಣ್ಣೆಯಲ್ಲಿ ಕರಿದು, ಮೇಲೆ ಬೆಳ್ಳುಳ್ಳಿ, ಹುಳಿ ಕೆನೆ, ಚೀಸ್ ಹಾಕಿ ಕೊಡುತ್ತಾರೆ. ನಮ್ಮ ಪೂರಿಗೆ ದೂರದ ದೊಡ್ಡಪ್ಪ. ಒಂದು ತಿಂದರೆ ರಾತ್ರಿವರೆಗೆ ಹಸಿವಿಲ್ಲ.

ಶೋ ನಡೆದ ಪಾಪ್ ಲಾಸ್ಲೊ ಕ್ರೀಡಾಂಗಣ ಎಂ2 ಅನ್ನುವ ಕೆಂಪು ಮೆಟ್ರೊ ದಾರಿಯಲ್ಲಿದೆ. ಇಂಥ ಕಡೆ ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ. ಪಾಸ್‌ಪೋರ್ಟ್, ಕಾರ್ಡ್, ಫೋನ್, ಕಿವಿಬಿರಡೆ, ಇಷ್ಟೇ ಸಾಕು. ಟಿಕೆಟ್ಟನ್ನು ಹೋಟೆಲಿನ ವೈಫೈಯಲ್ಲೇ ಫೋನಿಗೆ ಇಳಿಸಿಕೊಳ್ಳಿ. ಗೇಟಿನ ಮುಂದೆ ಸಾವಿರಾರು ಜನರ ನಡುವೆ ನೆಟ್‌ವರ್ಕ್ ಸಿಗುತ್ತೆ ಅಂತ ನಂಬಬೇಡಿ.

ಕ್ಯೂನಲ್ಲಿ ನನ್ನ ಹಿಂದೆ 60 ದಾಟಿದ ಒಬ್ಬ ಹಂಗೆರಿಯವರು ನಿಂತಿದ್ದರು. ಜೀನ್ಸ್ ಜಾಕೆಟ್ಟಿನ ಒಂದಿಂಚೂ ಬಿಡದೆ ಬಟ್ಟೆ ಬಿಲ್ಲೆ ಹೊಲಿದಿತ್ತು, ಕೆಲವು ಮಾಸಿ ಅಕ್ಷರವೇ ಅಳಿಸಿತ್ತು. ಅವರು ನನ್ನ ಬೆನ್ನ ಮೇಲೆ ಬೆರಳಿಟ್ಟು ‘ಬ್ಯಾಂಗಲೋರ್?’ ಅಂದರು. ತಿರುಗಿದೆ. ಆಮೇಲೆ ಎದೆ ಮೇಲಿನ ಹೆಸರು ಓದಿದರು, ತಪ್ಪಕ್ಷರ ಕಣ್ಣಿಗೆ ಬಿತ್ತು. ನಕ್ಕು ನಕ್ಕು ಕೆಮ್ಮು ಬಂತು ಅವರಿಗೆ. ತಮ್ಮ ಕಡೆಯ ನಾಲ್ಕು ಜನರನ್ನು ಕರೆದು ತೋರಿಸಿದರು. ಕೊನೆಗೆ, ಒಳಗೆ ಮಾರುವ ಅಸಲಿ ಟೀಶರ್ಟ್ ಕೊಡಿಸುತ್ತೇನೆ, ಇದನ್ನು ನನಗೆ ಕೊಡು ಅಂತ ಸನ್ನೆಯಲ್ಲೇ ಚೌಕಾಸಿಗೆ ನಿಂತರು. ಕೊಡಲಿಲ್ಲ. ಅಂದ ಹಾಗೆ, ಅಸಲಿ ಬೇಕಿದ್ದರೆ ಒಳಗೆ ಹೋದ ತಕ್ಷಣ ಕೊಂಡುಬಿಡಿ. ಶೋ ಮುಗಿಯುವ ಹೊತ್ತಿಗೆ ಎಲ್ಲರ ಅಳತೆಯದೂ ಉಳಿದಿರುವುದಿಲ್ಲ.

ಕಿವಿ

2007ರಲ್ಲಿ ನನ್ನ ಕಿವಿ ಎರಡು ದಿನ ಗುಂಯ್ ಅನ್ನುತ್ತಿತ್ತು. ಆಗ ಅದನ್ನೇ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೆ. ಕೆಲಸದ ಜಾಗದ ಸದ್ದಿಗೆ ಅಮೆರಿಕದ ಆರೋಗ್ಯ ಸಂಸ್ಥೆಯೊಂದು ಕೊಟ್ಟ ಲೆಕ್ಕ ಹೀಗಿದೆ: 85 ಡೆಸಿಬಲ್ ಆದರೆ 8 ಗಂಟೆ ತಡೆಯಬಹುದು, ಪ್ರತಿ 3 ಡೆಸಿಬಲ್ ಏರಿದಾಗ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಆ ಲೆಕ್ಕದಲ್ಲಿ 100 ಡೆಸಿಬಲ್ಲಿಗೆ 15 ನಿಮಿಷ. ರಾಕ್ ಶೋ ಅಷ್ಟು ಸದ್ದನ್ನು ಸಲೀಸಾಗಿ ಮುಟ್ಟುತ್ತದೆ, ಅದೂ ಎರಡು ಗಂಟೆ. ಮೆಡಿಕಲ್ ಸ್ಟೋರಿನ ಫೋಮ್ ಬಿರಡೆ ಸಾಕು. ಬೆರಳಲ್ಲಿ ಹೊಸೆದು ಸಣ್ಣ ಮಾಡಿ, ಇನ್ನೊಂದು ಕೈಯಲ್ಲಿ ಕಿವಿಯನ್ನು ಮೇಲಕ್ಕೆಳೆದು ಒಳಗಿಡಿ, ಅದು ಹಿಗ್ಗುವವರೆಗೆ ಒತ್ತಿಹಿಡಿಯಿರಿ.

ದೀಪ ಆರಿದಾಗ

ಬ್ಯಾಂಡ್ ಬರುವ ಮುಂಚೆ ಯುಎಫ್‌ಒ ಅನ್ನುವ ಹಳೇ ಬ್ರಿಟಿಷ್ ಬ್ಯಾಂಡಿನ ‘ಡಾಕ್ಟರ್ ಡಾಕ್ಟರ್’ ಹಾಡನ್ನು ಸ್ಪೀಕರಿನಲ್ಲಿ ಹಾಕುತ್ತಾರೆ. ವರ್ಷಗಳಿಂದ ಇದೇ ರೂಢಿ. ಕರಾವಳಿಯಲ್ಲಿ ಯಕ್ಷಗಾನದ ಆಟಕ್ಕೆ ಮುಂಚೆ ಚೆಂಡೆಯಲ್ಲಿ ‘ಕೇಳಿ’ ಬಡಿಯುತ್ತಾರಲ್ಲ, ಹಾಗೆ. ಅದು ಕೇಳಿದ ಕೂಡಲೇ ಎಲ್ಲಿದ್ದರೂ ನಿಮ್ಮ ಜಾಗಕ್ಕೆ ಬನ್ನಿ, ಬಿರಡೆ ಹಾಕಿಕೊಳ್ಳಿ, ಫೋನ್ ಜೇಬಿಗೆ ಹಾಕಿ. ಶೋವನ್ನು ಫೋನಿನ ಪರದೆಯಲ್ಲಿ ನೋಡಬೇಡಿ, ಕಣ್ಣಲ್ಲೇ ನೋಡಿ ಅಂತ ಮ್ಯಾನೇಜರ್ ರಾಡ್ ಸ್ಮಾಲ್‌ವುಡ್ ಈ ಪ್ರವಾಸಕ್ಕೆ ಮುಂಚೆಯೇ ಕೇಳಿಕೊಂಡಿದ್ದರು. ನಾನು ಒಂದೇ ಒಂದು ಫೋಟೊ ತೆಗೆದೆ. ಅದರಲ್ಲಿ ಮುಂದೆ ನಿಂತವರ ಕೈ ಬಿಟ್ಟರೆ ಏನೂ ಕಾಣುವುದಿಲ್ಲ.

ಕೊನೆಯ ಹಾಡು ಯಾವುದು ಅಂತ ತಲೆ ಕೆಡಿಸಿಕೊಳ್ಳಬೇಡಿ. ದೀಪ ಹತ್ತಿ, ಮಾಂಟಿ ಪೈಥಾನ್ ಹಾಸ್ಯ ತಂಡದ ಸಿಳ್ಳೆ ಹಾಡು ಸ್ಪೀಕರಿನಲ್ಲಿ ಬಂತು ಅಂದರೆ ಮುಗಿಯಿತು. ಎಷ್ಟು ಕೂಗಿದರೂ ಮತ್ತೆ ಬರುವುದಿಲ್ಲ. ಅಲ್ಲಿನ ಜನ ಅದೇ ಸಿಳ್ಳೆ ಹಾಕುತ್ತಾ ಮೆಟ್ರೊ ಮೆಟ್ಟಿಲು ಇಳಿಯುತ್ತಿದ್ದರು. ಕೊನೆಯ ರೈಲು ಎಷ್ಟು ಹೊತ್ತಿಗೆ ಅಂತ ಮಧ್ಯಾಹ್ನವೇ ನೋಡಿಟ್ಟುಕೊಂಡಿರಿ.