ಪಾಯಿಂಟ್ ಕಚ್ಚಿಕೊಂಡ ಹೀಟರ್

ನನ್ನದು ಮೋಟಾರ್ ರಿವೈಂಡಿಂಗ್ ಕೆಲಸ. ಚಿತ್ರದುರ್ಗದಲ್ಲಿ ಒಂದೇ ಶೆಟರಿನ ಅಂಗಡಿ, ಇಪ್ಪತ್ತೆರಡು ವರ್ಷ ಆಯ್ತು. ಹೊಳಲ್ಕೆರೆ ಕಡೆಯ ಅಡಿಕೆ ತೋಟದವರು, ಚಳ್ಳಕೆರೆ ಕಡೆಯ ಶೇಂಗಾ ಹೊಲದವರು ಸುಟ್ಟ ಮೋಟಾರು, ಕೆಟ್ಟ ಸ್ಟಾರ್ಟರು ಹೊತ್ತು ತರುತ್ತಾರೆ. ಮೀನು ಸಾಕುವ ಹುಚ್ಚು ನನ್ನದಲ್ಲ, ಮಗಳದ್ದು. ಅವಳು ಪಿಯುಸಿಗೆ ದಾವಣಗೆರೆ ಹಾಸ್ಟೆಲ್ ಸೇರಿದಳು, ಟ್ಯಾಂಕ್ ನನ್ನ ಪಾಲಿಗೆ ಬಂತು.

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್ ಅದು. ಲೆಕ್ಕಕ್ಕೆ 56 ಲೀಟರ್ ಹಿಡಿಯುತ್ತೆ. ಕೆಳಗಿನ ಕಲ್ಲು, ಮೇಲೆ ಬಿಟ್ಟ ಎರಡು ಬೆರಳಿನ ಜಾಗ ಕಳೆದರೆ ನೀರು 50 ಲೀಟರ್. ಅದರಲ್ಲಿ ನಾಲ್ಕು ಏಂಜಲ್ ಮರಿ, ಹತ್ತು ನಿಯಾನ್ ಟೆಟ್ರಾ.

ನಮ್ಮ ಊರಿಗೆ ಮೀನಿನ ಹೀಟರ್ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ನಾನೂ ಕೇಳಿದವನೇ. ಏಪ್ರಿಲ್‌ನಲ್ಲಿ ಬಂಡೆಗಳು ರಾತ್ರಿ ಹತ್ತಕ್ಕೂ ಕಾವು ಉಗುಳುವ ಊರು ಇದು. ಆದರೆ ನಮ್ಮ ಮನೆ ಜೋಗಿಮಟ್ಟಿ ರಸ್ತೆ ಕಡೆ ಇದೆ. ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಡಿಸೆಂಬರ್ ಬಂತೆಂದರೆ ಬೆಳಗಿನ ಜಾವ ಕಿಟಕಿ ಸಂದಿಯಿಂದ ಗಾಳಿ ಸೀಟಿ ಹೊಡೆಯುತ್ತೆ. ಮೊದಲ ಚಳಿಗಾಲದಲ್ಲೇ ಒಂದು ದಿನ ನಿಯಾನ್‌ಗಳು ಕಲ್ಲಿಗೆ ಮೈ ಉಜ್ಜೋಕೆ ಶುರು ಮಾಡಿದವು. ಮಗಳಿಗೆ ಫೋನ್ ಹಚ್ಚಿದೆ.

"ಅಪ್ಪಾಜಿ, ಮೈಮೇಲೆ ಉಪ್ಪು ಉದುರಿಸಿದಂಗೆ ಐತಾ ನೋಡು."

ಟಾರ್ಚ್ ಹಾಕಿ ನೋಡಿದೆ. ಐತೆ.

ಅದು ಇಕ್, ಬಿಳಿ ಚುಕ್ಕೆ ರೋಗ. ಒಂದು ಪುಟ್ಟ ಪರಾವಲಂಬಿ ಜೀವಿಯಿಂದ ಬರುತ್ತೆ. ನೀರು ಒಮ್ಮೆಲೇ ತಣ್ಣಗಾಗಿ ಮೀನು ಸೊರಗಿದಾಗ ಅದಕ್ಕೆ ಸುಗ್ಗಿ. ಮೀನಿನ ಚರ್ಮದೊಳಗೆ ಇರುವಷ್ಟು ಹೊತ್ತು ಔಷಧಿ ಅದಕ್ಕೆ ತಾಕಲ್ಲ, ಚರ್ಮ ಬಿಟ್ಟು ನೀರಿಗೆ ಇಳಿದಾಗಲೇ ಸಾಯಬೇಕು. ನೀರು ಬೆಚ್ಚಗಿದ್ದಷ್ಟೂ ಅದರ ಚಕ್ರ ಬೇಗ ಸುತ್ತುತ್ತೆ, ಔಷಧಿಗೆ ಬೇಗ ಸಿಗುತ್ತೆ. ಅದಕ್ಕೇ 29-30 ಡಿಗ್ರಿಗೆ ಏರಿಸು ಅಂದಳು. ಆ ವಾರ ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಮೂರಕ್ಕೆ ನೀರಿನ ಉಷ್ಣತೆ ಬರೆದಿಟ್ಟಿದ್ದೆ. ಬೆಳಿಗ್ಗೆ 21, ಮಧ್ಯಾಹ್ನ 26. ದಿನಾ ಐದು ಡಿಗ್ರಿ ಏರಿಳಿತ. ಗೋಲ್ಡ್ ಫಿಶ್ ಆಗಿದ್ದರೆ 21 ಅಂದರೆ ಹಾಯಾಗಿ ಇರುತ್ತಿತ್ತು, ಅದಕ್ಕೆ ಹೀಟರ್ ಕೊಡಿಸುವುದು ದಂಡ. ಏಂಜಲ್, ನಿಯಾನ್ ಹಾಗಲ್ಲ, ಅವಕ್ಕೆ 25-26ರ ಆಸುಪಾಸು ನೆಟ್ಟಗೆ ನಿಲ್ಲಬೇಕು.

ಮೀನಿನ ಅಂಗಡಿಯವ 300 ವ್ಯಾಟಿನ ಗಾಜಿನ ಹೀಟರ್ ಕೊಟ್ಟ. "ಇದಾದ್ರೆ ಬೇಗ ಬಿಸಿ ಆಗ್ತೈತೆ ಅಣ್ಣ, ಚಿಕ್ಕದು ತಗಂಡು ಮತ್ತೆ ಬಂದು ಬದಲಾಯಿಸ್ಬೇಡಿ." ನನಗೂ ಸರಿ ಅನ್ನಿಸಿತು. ಮೋಟಾರಿನವನ ಬುದ್ಧಿ ನೋಡಿ, ಒಂದು ಎಚ್‌ಪಿ ಜಾಸ್ತಿ ಇದ್ದರೆ ಒಳ್ಳೇದೇ ಅಂತ. ಚುಕ್ಕೆ ರೋಗ ವಾಸಿಯೂ ಆಯ್ತು.

ಮುಂದಿನ ಜನವರಿ. ಹಿರಿಯೂರಿನಲ್ಲಿ ಮದುವೆ, ಸಂಜೆ ಐದಕ್ಕೆ ಹೊರಟೆವು. ವಾಪಸ್ ಬಂದಾಗ ರಾತ್ರಿ ಹನ್ನೊಂದು. ಬಾಗಿಲು ತೆಗೆದರೆ ಒಳಗೆ ಹಬೆಯ ವಾಸನೆ, ಅನ್ನದ ಗಂಜಿ ಬಸಿದ ಹಾಗೆ. ಟ್ಯಾಂಕಿನ ಮೇಲಿನ ಗಾಜಿನ ಮುಚ್ಚಳ ಬೆವತಿತ್ತು. ಥರ್ಮಾಮೀಟರ್ 38. ನಾಲ್ಕೂ ಏಂಜಲ್ ಅಡ್ಡ ಬಿದ್ದಿದ್ದವು, ನಿಯಾನ್‌ಗಳ ಮೈಯ ನೀಲಿ ಗೆರೆಯೇ ಅಳಿಸಿ ಹೋಗಿತ್ತು. ಹೀಟರಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಅವ್ವ ಬಾಗಿಲಲ್ಲೇ ನಿಂತು, "ಮೀನ್ ಸಾರು ಮಾಡಿಟ್ಟಿದ್ಯಲ್ಲೋ" ಅಂದಳು. ಬೇಜಾರಿಗೆ ಅಂದದ್ದು, ನಗೋಕಲ್ಲ. ಮಗಳಿಗೆ ಹೇಳೋಕೆ ಎರಡು ದಿನ ಬೇಕಾಯ್ತು ನನಗೆ.

ಮಾರನೇ ದಿನ ಆ ಹೀಟರನ್ನು ಅಂಗಡಿಗೆ ಒಯ್ದು, ರಬ್ಬರ್ ಮುಚ್ಚಳ ಕಿತ್ತು ಬಿಚ್ಚಿದೆ. ಒಳಗೆ ಏನೂ ದೊಡ್ಡ ಮಾಯೆ ಇಲ್ಲ. ಸುರುಳಿ ತಂತಿ, ಅದರ ಮೇಲೆ ಎರಡು ಲೋಹ ಬೆಸೆದ ತೆಳು ಪಟ್ಟಿ. ಕಾವಿಗೆ ಎರಡೂ ಲೋಹ ಒಂದೇ ಸಮ ಹಿಗ್ಗಲ್ಲ, ಪಟ್ಟಿ ಬಾಗುತ್ತೆ, ಪಾಯಿಂಟ್ (ಕರೆಂಟ್ ದಾಟೋಕೆ ಒಂದಕ್ಕೊಂದು ತಾಕುವ ಲೋಹದ ತುದಿ) ಬಿಡುತ್ತೆ, ಕರೆಂಟ್ ಕಟ್ ಆಗುತ್ತೆ. ತಣ್ಣಗಾದರೆ ಮತ್ತೆ ಕೂಡುತ್ತೆ. ನನ್ನ ಹೀಟರಿನಲ್ಲಿ ಆ ಎರಡು ಪಾಯಿಂಟ್‌ಗಳು ಕಚ್ಚಿಕೊಂಡಿದ್ದವು. ಸ್ಕ್ರೂಡ್ರೈವರ್ ತುದಿ ಹಾಕಿ ಎಬ್ಬಿದರೆ ಟಕ್ ಅಂತ ಬಿಟ್ಟವು. ಕೆಳಗೆ ಕಪ್ಪಗೆ ಸುಟ್ಟ ಚುಕ್ಕೆ.

ಇದನ್ನು ನಾನು ದಿನಾ ನೋಡ್ತೀನಲ್ಲ! ಪಂಪ್‌ಸೆಟ್ ಸ್ಟಾರ್ಟರಿನಲ್ಲಿ ಪಾಯಿಂಟ್ ಕೂಡಿದಾಗ, ಬಿಟ್ಟಾಗ ಪ್ರತಿ ಸಲ ಒಂದು ಕಿಡಿ. ಪ್ರತಿ ಕಿಡಿಗೂ ಒಂದಿಷ್ಟು ಲೋಹ ಕರಗುತ್ತೆ. ಒಂದು ದಿನ ಕರಗಿದ್ದು ಹಾಗೇ ಬೆಸೆದುಕೊಂಡುಬಿಡುತ್ತೆ. ರೈತ ಆಫ್ ಬಟನ್ ಒತ್ತಿದರೂ ಮೋಟಾರ್ ನಿಲ್ಲಲ್ಲ, "ಸ್ಟಾರ್ಟರ್ ಮಾತು ಕೇಳ್ತಿಲ್ಲ" ಅಂತ ನನ್ನ ಹತ್ತಿರ ತರುತ್ತಾನೆ. ಅದೇ ಕಾಯಿಲೆ ನನ್ನ ಮನೆಯ ಮೀನಿಗೂ ಬಂತು. ಹೆಚ್ಚು ವ್ಯಾಟ್ ಅಂದರೆ ಪಾಯಿಂಟ್ ಮೇಲೆ ಹೆಚ್ಚು ಆಂಪಿಯರ್, ದೊಡ್ಡ ಕಿಡಿ. ಬೇಗ ಬಿಸಿ ಮಾಡಿ ಬೇಗ ಕಟ್ ಆಗುವುದರಿಂದ ಕೂಡುವ ಬಿಡುವ ಸಲವೂ ಜಾಸ್ತಿ. ಬೇಗ ಬಿಸಿ ಆಗ್ತೈತೆ ಅಂದಿದ್ದನಲ್ಲ ಅಂಗಡಿಯವ, ಸುಳ್ಳೇನೂ ಹೇಳಿರಲಿಲ್ಲ.

ಆವತ್ತು ಅಂಗಡಿಯ ಬಿಲ್ ಪುಸ್ತಕದ ಹಿಂದೆ ಲೆಕ್ಕ ಹಾಕಿದೆ. ಒಂದು ಲೀಟರ್ ನೀರು ಒಂದು ಡಿಗ್ರಿ ಏರೋಕೆ ಸುಮಾರು 4,200 ಜೂಲ್ ಬೇಕು. 50 ಲೀಟರಿಗೆ 2,10,000. 300 ವ್ಯಾಟ್ ಅಂದರೆ ಸೆಕೆಂಡಿಗೆ 300 ಜೂಲ್. ಹನ್ನೆರಡು ನಿಮಿಷಕ್ಕೆ ಒಂದು ಡಿಗ್ರಿ! ಅದೇ 50 ವ್ಯಾಟಾದರೆ 70 ನಿಮಿಷ. ಗಾಜಿನಿಂದ, ಮೇಲ್ಮೈಯಿಂದ ಹೊರಗೆ ಹೋಗುವ ಕಾವು ಇದರಲ್ಲಿ ಸೇರಿಲ್ಲ, ಅದನ್ನೂ ಹಿಡಿದರೆ 50 ವ್ಯಾಟ್ ಇನ್ನೂ ನಿಧಾನ, ಒಂದು ಹಂತಕ್ಕೆ ನಿಂತೇ ಹೋಗುತ್ತೆ. ಅಂದರೆ ಹೀಟರ್ ಕೆಡುತ್ತೆ ಅಂತಲೇ ಇಟ್ಟುಕೊಂಡು ಕೊಳ್ಳಬೇಕು. ಕೆಟ್ಟ ದಿನ ಅದು ಎಷ್ಟು ಅನಾಹುತ ಮಾಡಬಲ್ಲದು ಅನ್ನುವುದರ ಮೇಲೆ ವ್ಯಾಟ್ ಆರಿಸಬೇಕು. ಕಂಪನಿ, ದೀಪದ ಬಣ್ಣ, ಡಬ್ಬದ ಮೇಲಿನ ಚಿತ್ರ ಎಲ್ಲ ಆಮೇಲೆ.

ಲೀಟರಿಗೆ ಒಂದು ವ್ಯಾಟ್ ಅನ್ನುವುದು ಮೀನು ಸಾಕುವವರ ವಾಡಿಕೆ ಲೆಕ್ಕ. ನಾನು 50 ವ್ಯಾಟಿನವು ಎರಡು ತಂದೆ. ಒಟ್ಟು 100 ಆಯ್ತು, ಲೆಕ್ಕಕ್ಕಿಂತ ದುಪ್ಪಟ್ಟು. ಅದಕ್ಕೂ ಕಾರಣ ಇದೆ. ನಮ್ಮದು ಲೈನಿನ ಕೊನೆಯ ಮನೆಗಳಲ್ಲಿ ಒಂದು, ಸಂಜೆ ಮೀಟರ್ ಹಿಡಿದರೆ ಕೆಲವು ದಿನ 180 ವೋಲ್ಟ್. ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ, ಅಂದರೆ ವೋಲ್ಟೇಜನ್ನು ಅದರಿಂದಲೇ ಗುಣಿಸಿದ್ದಕ್ಕೆ, ತಕ್ಕಂತೆ ಇಳಿಯುತ್ತೆ. 230ರಲ್ಲಿ 100 ವ್ಯಾಟ್ ಕೊಡುವುದು 180ರಲ್ಲಿ 61 ಕೊಡುತ್ತೆ ಅಷ್ಟೇ. ಡಬ್ಬದ ಮೇಲಿನ ವ್ಯಾಟ್ ನಂಬಿ ಬರಿ 50 ಹಾಕಿಕೊಂಡಿದ್ದರೆ ಚಳಿ ಹೆಚ್ಚಿದ ರಾತ್ರಿಯೇ ಕೈಕೊಡುತ್ತಿತ್ತು.

ಮೀನು ತರುವ ಮೊದಲು ಒಂದು ಪರೀಕ್ಷೆ ಮಾಡಿದೆ. ಖಾಲಿ ಟ್ಯಾಂಕಿಗೆ ನೀರು ತುಂಬಿ, ಒಂದೇ ಹೀಟರ್ ಹಾಕಿ, ತಿರುಗಣೆಯನ್ನು ಕೊನೆಯ 34ಕ್ಕೆ ತಿರುಗಿಸಿಟ್ಟೆ. ಪಾಯಿಂಟ್ ಕಚ್ಚಿಕೊಂಡರೆ ಏನಾಗುತ್ತೋ ಅದೇ ಸ್ಥಿತಿ. ಮೂರು ದಿನ ಬಿಟ್ಟೆ. ಬೆಳಿಗ್ಗೆ 28, ಮಧ್ಯಾಹ್ನ 30, ಅದರ ಮೇಲೆ ಏರಲೇ ಇಲ್ಲ. ಮೀನು ಬೇಯುವ ಶಾಖ ಅಲ್ಲ ಅದು. ಮನೆಗೆ ಬಂದು ನೋಡಿ ಪ್ಲಗ್ ಕೀಳೋಕೆ ಟೈಮ್ ಸಿಗುತ್ತೆ. ಎರಡರಲ್ಲಿ ಒಂದು ಸತ್ತೇ ಹೋದರೂ ಉಳಿದದ್ದು ರಾತ್ರಿ ತಳ್ಳುತ್ತೆ.

ಹೊಸ ಹೀಟರಿನ ತಿರುಗಣೆ ಮೇಲಿನ ಅಂಕಿಯನ್ನೂ ನಂಬಬೇಡಿ. ಬಕೆಟ್ ನೀರಿನಲ್ಲಿ ಇಟ್ಟು ನೋಡಿದಾಗ ಒಂದು 26ಕ್ಕೆ ಇಟ್ಟರೆ 28ಕ್ಕೆ ಕಟ್ ಆಗುತ್ತಿತ್ತು, ಇನ್ನೊಂದು 25ಕ್ಕೇ. ಹಾಗಂತ ಹೇಳೋಕೆ ಥರ್ಮಾಮೀಟರ್ ಸರಿಯಿರಬೇಕಲ್ಲ. ಲೋಟದ ತುಂಬ ಪುಡಿ ಮಾಡಿದ ಐಸ್, ಅದು ಮುಳುಗುವಷ್ಟು ನೀರು, ಚೆನ್ನಾಗಿ ಕಲಕಿ ಐದು ನಿಮಿಷ ಅದ್ದಿಟ್ಟರೆ ಸೊನ್ನೆ ತೋರಿಸಬೇಕು. ನನ್ನದು ಒಂದು ತೋರಿಸಿತು, ಅಂದಿನಿಂದ ಒಂದು ಕಳೆದು ಓದುತ್ತೇನೆ. ಗಾಜಿನ ಹೊರಗೆ ಅಂಟಿಸುವ ಬಣ್ಣದ ಪಟ್ಟಿ ಗಾಜಿನ ಕಾವು ಹೇಳುತ್ತೆ, ನೀರಿನದ್ದಲ್ಲ. ಅದನ್ನು ಕಿತ್ತು ಬಿಸಾಕಿದೆ.

ಇಷ್ಟಾದರೂ ನಿದ್ದೆ ಬರಲಿಲ್ಲ. ಕೊನೆಗೆ ಮೊಟ್ಟೆ ಮರಿ ಮಾಡುವ ಪೆಟ್ಟಿಗೆಗೆ ಹಾಕುತ್ತಾರಲ್ಲ, ಆ ಟೆಂಪರೇಚರ್ ಕಂಟ್ರೋಲರ್ ತಂದೆ. ಎಸ್‌ಟಿಸಿ-1000 ಅಂತ ಸಿಗುತ್ತೆ. ಅದರ ರಿಲೇ, ಅಂದರೆ ಕರೆಂಟ್ ಕೂಡಿಸಿ ಬಿಡಿಸುವ ಒಳಗಿನ ಸ್ವಿಚ್, 10 ಆಂಪಿಯರಿನದು, ನನ್ನ ಎರಡೂ ಹೀಟರ್ ಸೇರಿ ಎಳೆಯುವುದು ಅರ್ಧ ಆಂಪಿಯರ್ ಕೂಡ ಇಲ್ಲ. ಹೀಟರ್‌ಗಳನ್ನು ಅದರ ಮೂಲಕ ಕೊಟ್ಟು, ಕಂಟ್ರೋಲರ್ 26ಕ್ಕೆ, ಹೀಟರುಗಳು 28ಕ್ಕೆ ಕಟ್ ಆಗುವ ಹಾಗೆ ಇಟ್ಟೆ. ದಿನನಿತ್ಯದ ಕೂಡುವ ಬಿಡುವ ಕೆಲಸ ದಪ್ಪ ರಿಲೇ ಮಾಡುತ್ತೆ, ಹೀಟರಿನ ಒಳಗಿನ ಬಡಪಾಯಿ ಪಾಯಿಂಟ್ ಕಿಡಿ ಇಲ್ಲದೆ ಕೂತಿರುತ್ತೆ. ರಿಲೇ ಕಚ್ಚಿಕೊಂಡ ದಿನ ಮಾತ್ರ ಅದಕ್ಕೆ ಡ್ಯೂಟಿ. ಕಂಟ್ರೋಲರೇ ಸತ್ತರೆ ಎರಡೂ ಹೀಟರ್ ಬಂದ್, ನೀರು 21ಕ್ಕೆ ಇಳಿಯುತ್ತೆ. ಇಳಿಯಲಿ. ಮೀನು ಒಂದು ರಾತ್ರಿ ಮಂಕಾಗಿ ಕೂತರೆ ಮರುದಿನ ನೋಡಿಕೊಳ್ಳಬಹುದು.

ಅದರಲ್ಲೂ ಒಂದು ಎಡವಟ್ಟು ಮಾಡಿದೆ. ಸೆನ್ಸರ್ ವೈರನ್ನು ಸುಮ್ಮನೆ ಟ್ಯಾಂಕಿನ ಅಂಚಿಗೆ ನೇತುಹಾಕಿದ್ದೆ. ಅವ್ವ ಧೂಳು ಹೊಡೆಯುವಾಗ ಅದು ಹೊರಗೆ ಬಿತ್ತು. ಸೆನ್ಸರ್ ಕೋಣೆಯ ಚಳಿ ಓದುತ್ತಿದೆ, 20 ಅಂತ ತೋರಿಸುತ್ತಿದೆ, ಕಂಟ್ರೋಲರ್ ಪಾಪ ಹೀಟರ್ ಉರಿಸುತ್ತಲೇ ಇದೆ! ಹೀಟರುಗಳು 28ಕ್ಕೆ ತಾವೇ ನಿಂತು ಮೀನು ಉಳಿದವು. ಈಗ ಸೆನ್ಸರನ್ನು ಗಾಜಿಗೆ ಕಚ್ಚುವ ಎರಡು ರಬ್ಬರ್ ಬಟ್ಟಲು ಹಾಕಿ ನೀರಿನ ಅರ್ಧ ಆಳದಲ್ಲಿ, ಹೀಟರಿನಿಂದ ದೂರದ ಮೂಲೆಗೆ ಕೂರಿಸಿದ್ದೇನೆ. ಹೀಟರುಗಳು ಕಲ್ಲಿಗಿಂತ ನಾಲ್ಕು ಬೆರಳು ಮೇಲೆ, ಅಡ್ಡಡ್ಡ, ಅವುಗಳಲ್ಲಿ ಒಂದು ಹೀಟರ್ ಫಿಲ್ಟರಿನ ನೀರು ಹೊಡೆಯುವ ಜಾಗದಲ್ಲಿ. ಅಡ್ಡ ಇಟ್ಟರೆ ನೀರು ಆವಿಯಾಗಿ ಇಳಿದರೂ ಹೀಟರ್ ಹೊರಗೆ ಕಾಣಿಸಿಕೊಳ್ಳುವುದಿಲ್ಲ. ಆದರೆ ಪೂರ್ತಿ ಮುಳುಗಿಸಬಹುದಾದ ಹೀಟರನ್ನು ಮಾತ್ರ ಹೀಗೆ ಇಡಬೇಕು, ಡಬ್ಬದ ಮೇಲೆ ಅದನ್ನು ನೋಡಿಯೇ ತಂದೆ.

ಕರೆಂಟಿನ ವಿಷಯಕ್ಕೆ ಬಂದರೆ ನನಗೆ ಸಲಿಗೆ ಇಲ್ಲ. ಹೀಟರಿಗೆ ಸಾಮಾನ್ಯವಾಗಿ ಎರಡೇ ಪಿನ್, ಅರ್ಥ್ ಇರಲ್ಲ. ಗಾಜು ಸೀಳಿದರೆ ಟ್ಯಾಂಕಿನ ನೀರೇ ಲೈವ್. ಟ್ಯಾಂಕಿನ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಲೈನ್ ಕಟ್ ಮಾಡುವ ಸ್ವಿಚ್, ಹಾಕಿದ್ದೇನೆ. ವೈರು ಸಾಕೆಟ್ಟಿಗಿಂತ ಕೆಳಗೆ ಒಮ್ಮೆ ಜೋತು ಬಿದ್ದು ಮೇಲೇರುವ ಹಾಗಿದೆ, ಹನಿ ಜಾರಿ ಬಂದರೂ ಜೋತ ಕಡೆ ತೊಟ್ಟಿಕ್ಕುತ್ತೆ, ಸಾಕೆಟ್ಟಿಗೆ ಹೋಗಲ್ಲ. ನೀರಿಗೆ ಕೈ ಹಾಕುವ ಮೊದಲು ಪ್ಲಗ್ ಕೀಳಬೇಕು. ಕಿತ್ತ ತಕ್ಷಣ ನೀರು ತೆಗೆಯಬಾರದು, ಇಪ್ಪತ್ತು ನಿಮಿಷ ಬಿಡಬೇಕು. ಒಂದು ಭಾನುವಾರ ಅವಸರದಲ್ಲಿ ನೀರು ಇಳಿಸಿ, ಕಾದ ಗಾಜಿನ ಮೇಲೆ ನಲ್ಲಿಯ ತಣ್ಣೀರು ಸುರಿದು, ಚಟ್ ಅಂತ ಒಂದು ಹೀಟರ್ ಕಳೆದುಕೊಂಡಿದ್ದೇನೆ.

ಖರ್ಚು ಕೇಳುವವರಿಗೆ: 100 ವ್ಯಾಟ್ ಹತ್ತು ಗಂಟೆ ಉರಿದರೆ ಒಂದು ಯೂನಿಟ್. ಟ್ಯಾಂಕಿನ ಹಿಂದೆ, ಎರಡು ಪಕ್ಕ, ಅಡಿಗೆ ಥರ್ಮೋಕೋಲ್ ಕೊಟ್ಟ ಮೇಲೆ ರಾತ್ರಿ ಇಡೀ ಅಷ್ಟು ಹೊತ್ತು ಉರಿಯುವುದೂ ಇಲ್ಲ. ಮುಚ್ಚಳ ಸರಿಯಾಗಿ ಕೂತರೆ ಇನ್ನೂ ಉಳಿತಾಯ, ಕಾವು ಹೆಚ್ಚಾಗಿ ಹೋಗುವುದು ಆವಿಯ ದಾರಿಯಲ್ಲೇ. ಕರೆಂಟ್ ಹೋದರೆ ಮುಂದಿನ ಗಾಜಿಗೂ ಕಂಬಳಿ ಹೊದಿಸುತ್ತೇನೆ. ಇನ್ವರ್ಟರಿಗೆ ಹೀಟರ್ ಕೊಟ್ಟಿಲ್ಲ, ಗಾಳಿ ಪಂಪ್ ಮಾತ್ರ ಕೊಟ್ಟಿದ್ದೇನೆ.

ಶಿವರಾತ್ರಿ ಕಳೆದ ಮೇಲೆ ಎರಡೂ ಹೀಟರ್ ಹೊರಗೆ ಬರುತ್ತವೆ. ಕೋಣೆಯೇ 34 ಇರುವಾಗ 50 ವ್ಯಾಟ್ ಕಚ್ಚಿಕೊಂಡರೂ ಮೀನು ಸಾಯುತ್ತೆ, ನನ್ನ ಚಳಿಗಾಲದ ಪರೀಕ್ಷೆಯ ಅಂಕಿ ಆಗ ನಡೆಯಲ್ಲ. ನಮ್ಮ ಬೋರಿನ ನೀರು ಗಡಸು, ಗಾಜಿನ ಮೇಲೆ ಸುಣ್ಣದ ಬಿಳಿ ಪೊರೆ ಕಟ್ಟಿರುತ್ತೆ. ಗಾಜಿನ ಭಾಗಕ್ಕೆ ನಿಂಬೆಹುಳಿ ಹಚ್ಚಿ ಅರ್ಧ ಗಂಟೆ ಬಿಟ್ಟರೆ ಬಟ್ಟೆಯಲ್ಲಿ ಒರೆಸಿಕೊಂಡು ಬರುತ್ತೆ. ಗಟ್ಟಿಯಾದ ರಬ್ಬರ್ ಬಟ್ಟಲು ಎಸೆದು, ಹೀಟರನ್ನು ಹಳೇ ಪಂಚೆಯಲ್ಲಿ ಸುತ್ತಿ, ಬಿಳಿ ಟೇಪಿನ ಮೇಲೆ ಕೊಂಡ ವರ್ಷ ಬರೆದು ಅಟ್ಟಕ್ಕೆ ಏರಿಸುತ್ತೇನೆ. ಮೂರು ಚಳಿಗಾಲ ಆದದ್ದು ಚೆನ್ನಾಗಿದ್ದರೂ ಮತ್ತೆ ಟ್ಯಾಂಕಿಗೆ ಇಳಿಯಲ್ಲ. ಹಿಂದಿನ ವಾರ ಒಂದು ಹಾಗೆ ರಿಟೈರ್ ಆಯ್ತು. ಅಂಗಡಿಯಲ್ಲಿ ಬಿಚ್ಚಿ ನೋಡಿದೆ, ಪಾಯಿಂಟ್ ಇನ್ನೂ ಹೊಸದರ ಹಾಗೆ ಹೊಳೆಯುತ್ತಿತ್ತು.