ಯಾರ್ಕ್ ಊರನ್ನ ನಡ್ಕೊಂಡೇ ನೋಡೋದು ಹೇಗೆ

ಲಂಡನ್‌ಗೆ ಹೋದೋರು ಒಂದಿನ ಬಿಡುವು ಮಾಡ್ಕೊಂಡು ಯಾರ್ಕ್‌ಗೆ ಹೋಗಿ ಬನ್ನಿ, ಕಿಂಗ್ಸ್ ಕ್ರಾಸ್‌ನಿಂದ ಟ್ರೈನಲ್ಲಿ ಸುಮಾರು ಎರಡು ಗಂಟೆ, ಟಿಕೆಟ್ ಮಾತ್ರ ಮುಂಚೆನೇ ಬುಕ್ ಮಾಡಿಟ್ಕೊಳಿ, ಅದೇ ದಿನ ತಗೊಂಡ್ರೆ ಜೇಬಿಗೆ ಕತ್ರಿ. ಊರೊಳಗೆ ಬಸ್ಸು ಟ್ಯಾಕ್ಸಿ ಏನೂ ಬೇಡ. ಒಳ್ಳೆ ಗ್ರಿಪ್ ಇರೋ ಶೂ ಹಾಕ್ಕೊಳಿ ಸಾಕು, ಎಷ್ಟೋ ಕಡೆ ಕಲ್ಲು ಹಾಸಿದ ರಸ್ತೆ, ಮಳೆ ಬಂದ್ರಂತೂ ಜಾರುತ್ತೆ.

ಮೊದ್ಲು ಕೋಟೆ ಗೋಡೆ ಹತ್ತಿ. ಒಟ್ಟು ಸುಮಾರು 3.4 ಕಿಲೋಮೀಟರ್, ದುಡ್ಡು ಕೊಡೋ ಹಾಗಿಲ್ಲ, ಬೆಳಿಗ್ಗೆ ತೆಗೆದು ಕತ್ತಲಾಗೋ ಹೊತ್ಗೆ ಮುಚ್ತಾರೆ. ಪೂರ್ತಿ ಸುತ್ತಲೇಬೇಕು ಅಂತೇನಿಲ್ಲ, ಟೈಮ್ ಕಮ್ಮಿ ಇದ್ರೆ ಬೂಥಮ್ ಬಾರ್ ಅನ್ನೋ ಹೆಬ್ಬಾಗಿಲ ಹತ್ರ ಹತ್ತಿ ಮಂಕ್ ಬಾರ್ ಹತ್ರ ಇಳೀರಿ, ನನ್ ಪ್ರಕಾರ ಇದೇ ಬೆಸ್ಟ್ ಭಾಗ, ಒಂದ್ ಕಡೆ ಹುಲ್ಲಿನ ದಿಬ್ಬ, ಇನ್ನೊಂದ್ ಕಡೆ ಮರ, ಹಿತ್ಲು, ಅದರ ಹಿಂದೆ ದೊಡ್ಡ ಚರ್ಚ್ ಯಾರ್ಕ್ ಮಿನ್ಸ್ಟರ್, ನೀವು ನಡೀತಾ ಹೋದ ಹಾಗೆ ಅದು ತಿರುಗ್ತಾ ಇದೆಯೇನೋ ಅನ್ಸುತ್ತೆ. ಗೋಡೆ ಮೇಲಿನ ದಾರಿ ಸಣ್ಣದು, ಕೆಲವು ಕಡೆ ಒಳಬದಿಗೆ ಕಂಬಿನೂ ಇಲ್ಲ, ಮಕ್ಳಿದ್ರೆ ಕೈ ಬಿಡ್ಬೇಡಿ. ವಸಂತದಲ್ಲಿ ಹೋದ್ರೆ ದಿಬ್ಬದ ತುಂಬ ಹಳದಿ ಡ್ಯಾಫೊಡಿಲ್ ಹೂವು.

ಪೂರ್ತಿ ಸುತ್ತೋರಿಗೆ ಒಂದ್ ಮಾತು: ಪೂರ್ವದ ಕಡೆ ಗೋಡೆ ಇದ್ದಕ್ಕಿದ್ದ ಹಾಗೆ ನಿಂತೋಗುತ್ತೆ, ದಾರಿ ತಪ್ತು ಅಂತ ಗಾಬರಿ ಬೇಡ. ಹಿಂದೆ ಇಂಗ್ಲೆಂಡ್ ಗೆದ್ದ ರಾಜ ವಿಲಿಯಂ ಇಲ್ಲಿನ ಫಾಸ್ ನದಿಗೆ ಅಡ್ಡ ಕಟ್ಟೆ ಕಟ್ಟಿಸಿದ್ದ, ಅದ್ರಿಂದ ಅಲ್ಲಿ ದೊಡ್ಡ ಕೆರೆ ಥರ ನೀರು, ಕೆಸರು ನಿಂತ್ಕೊಳ್ತು, ಶತ್ರು ಬರೋಕೇ ಆಗದ ಜಾಗಕ್ಕೆ ಗೋಡೆ ಯಾಕೆ? ರಸ್ತೆಲೇ ಸ್ವಲ್ಪ ನಡೀರಿ, ರೆಡ್ ಟವರ್ ಹತ್ರ ಮತ್ತೆ ಸಿಗುತ್ತೆ.

ಮಿನ್ಸ್ಟರ್ ಒಳಗೆ ಹೋಗೋಕೆ ಟಿಕೆಟ್ ಇದೆ. ಪೂರ್ವದ ದೊಡ್ಡ ಕಿಟಕಿನ ಜಾನ್ ಥಾರ್ನ್‌ಟನ್ ಅನ್ನೋನು 1405ರಿಂದ 1408ರೊಳಗೆ ಬಣ್ಣದ ಗಾಜಲ್ಲಿ ಮಾಡಿ ಮುಗಿಸಿದ್ದು, ಅದೊಂದಕ್ಕೇ ದುಡ್ಡು ಕೊಡಬಹುದು. ಬರೀ ಆ ಜಾಗದ ಅನುಭವ ಸಾಕು ಅನ್ನೋರು ಸಂಜೆ ಪ್ರಾರ್ಥನೆಗೆ ಹೋಗಿ, ಅದು ಫ್ರೀ, ಹಾಡೋರ ದನಿ ಮೇಲಿನ ಚಾವಣಿವರೆಗೂ ಹೋಗಿ ಬರುತ್ತೆ. ಹೊರಗಡೆ ಕಾನ್‌ಸ್ಟಂಟೈನ್ ಆರಾಮಾಗಿ ಕೂತಿರೋ ವಿಗ್ರಹ ಇದೆ, 306ರಲ್ಲಿ ಅಪ್ಪ ಇದೇ ಊರಲ್ಲಿ ಸತ್ತಾಗ ರೋಮನ್ ಸೈನಿಕರು ಇವನನ್ನೇ ಚಕ್ರವರ್ತಿ ಅಂತ ಸಾರಿದ್ರು.

ಆಮೇಲೆ ಫೋನ್ ಮ್ಯಾಪ್ ಜೇಬಲ್ಲಿಟ್ಟು ಗಲ್ಲಿ ಸುತ್ತಿ. ಒಂದೇ ನಿಯಮ, ಕತ್ತೆತ್ತಿ ನೋಡ್ತಾ ಇರಿ, ಕೆಳಗೆಲ್ಲಾ ಈಗಿನ ಅಂಗಡಿ, ಹಳೇ ಊರಿರೋದು ಅದರ ಮೇಲೆ. ಸ್ಟೋನ್‌ಗೇಟ್‌ನಲ್ಲಿ ಗೋಡೆಗೆ ಅಂಟ್ಕೊಂಡು ಕೆಂಪು ಬಣ್ಣದ ಪುಟ್ಟ ಸೈತಾನ ಕೂತಿದಾನೆ, ಒಂದ್ ಕಾಲದಲ್ಲಿ ಅದು ಪ್ರಿಂಟಿಂಗ್ ಪ್ರೆಸ್ ಗುರುತು. ಶ್ಯಾಂಬಲ್ಸ್ ಬೀದಿ ಫೋಟೋಲಿ ಎಲ್ರೂ ನೋಡಿರ್ತೀರ, ಅಂಗಡಿ ತೆಗೆಯೋಕೆ ಮುಂಚೆ ಹೋದ್ರೆ ಮಾತ್ರ ಚೆನ್ನ, ಮಧ್ಯಾಹ್ನ ಹೋದ್ರೆ ಜನರ ಬೆನ್ನು ನೋಡ್ಕೊಂಡ್ ಬರ್ಬೇಕು. ಕಟುಕರ ಬೀದಿ ಅದು, ಅಂಗಡಿ ಮುಂದಿನ ಅಗಲವಾದ ಹಲಗೆ, ಮಾಂಸ ನೇತು ಹಾಕ್ತಿದ್ದ ಕೊಕ್ಕೆ ಇನ್ನೂ ಇವೆ.

ನನಗೆ ಅದಕ್ಕಿಂತ ಇಷ್ಟ ಗುಡ್ರಮ್‌ಗೇಟ್. ಅಲ್ಲಿ 1316ರ ಮನೆಗಳ ಸಾಲಿನ ಪಕ್ಕದಲ್ಲೇ ಒಂದು ಕಮಾನು, ಗಮನಿಸ್ದೇ ಇದ್ರೆ ದಾಟ್ಕೊಂಡು ಹೋಗ್ಬಿಡ್ತೀರ. ಒಳಗೆ ಹೋಲಿ ಟ್ರಿನಿಟಿ ಅನ್ನೋ ಪುಟ್ಟ ಚರ್ಚ್, ಬೆಂಚುಗಳಿಗೆಲ್ಲಾ ಸುತ್ತ ಮರದ ಗೋಡೆ, ಪ್ರತಿಯೊಂದಕ್ಕೂ ಚಿಕ್ಕ ಬಾಗಿಲು, ನೆಲ ಏರು ತಗ್ಗು. ಕೂತ್ಕೊಂಡು ಬಾಗಿಲು ಎಳ್ಕೊಂಡ್ರೆ ರಸ್ತೆ ಗದ್ದಲ ದೂರ ಹೋಗುತ್ತೆ.

ಕ್ಲಿಫರ್ಡ್ಸ್ ಟವರ್ ಅನ್ನೋ ಹಳೇ ಕೋಟೆ ಗೋಪುರದ ದಿಬ್ಬಕ್ಕೆ ಹೋದ್ರೆ ಬರೀ ವ್ಯೂ ನೋಡ್ಕೊಂಡು ಇಳೀಬೇಡಿ, 1190ರಲ್ಲಿ ಊರಿನ ಯಹೂದಿಗಳು ಇಲ್ಲಿದ್ದ ಮರದ ಕೋಟೆಲಿ ಅಡಗಿ, ಹೊರಗೆ ಗುಂಪು ಸುತ್ತುವರಿದಿದ್ದಾಗ ಪ್ರಾಣ ಬಿಟ್ರು, ದಿಬ್ಬದ ಬುಡದಲ್ಲಿರೋ ಕಲ್ಲನ್ನ ಓದಿ.

ಮಳೆ ಜೋರಾಗಿ ಹಿಡ್ಕೊಂಡ್ರೆ ಸ್ಟೇಷನ್ ಹಿಂದುಗಡೆ ರೈಲ್ವೆ ಮ್ಯೂಸಿಯಂ ಇದೆ, ಫ್ರೀ, 1938ರಲ್ಲಿ ಗಂಟೆಗೆ 126 ಮೈಲಿ ಓಡಿದ ಮ್ಯಾಲರ್ಡ್ ಇಂಜಿನ್ ಅಲ್ಲಿದೆ. ಆದ್ರೆ ಬರೀ ತುಂತುರಾದ್ರೆ ಒಳಗೆ ಓಡ್ಬೇಡಿ, ಜಾಕೆಟ್ ಹಾಕ್ಕೊಂಡು ಗಲ್ಲಿಲೇ ಇರಿ, ಜನ ಕರಗೋದೇ ಆಗ.